ಯೂಸುಫಾಕನ ಶಬ್ದಭಂಡಾರ

ಸಾವಿರದ ಒಂಬೈನೂರ ತೊಂಬತ್ತೈದನೆಯ ಇಸವಿ, ಅಕ್ಟೋಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ, ದೋಹಾದ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಕಂಪನಿಯ ಎರಡನೇ ನಂಬರಿನ ಸ್ಟೋರಿನಲ್ಲಿ ‘ಅದು’ ಎಂಬ ಶಬ್ದವನ್ನು ರದ್ದುಪಡಿಸಲಾಯಿತು. ಅದರ ಹಿಂದೆಯೇ ‘ಇದು’, ‘ಆ ಸಾಮಾನು’, ‘ಮೊನ್ನೆ ಕೊಟ್ಟಿದ್ರಲ್ಲ, ಅದೇ’ ಎಂಬಿವೂ, ಬೆರಳು ತೋರಿಸುವ ಪದ್ಧತಿಯೂ ಹೋದವು. ಆ ವಾರ ಲೋಕದಲ್ಲಿ ಬೇರೆ ಏನೇನೋ ನಡೆದಿರಬೇಕು. ಪತ್ರಿಕೆಗಳು ಅವುಗಳ ಬೆನ್ನು ಹತ್ತಿ ಹೋದವು. ಹೆಚ್ಚು ಮುಖ್ಯವಾದದ್ದು ದಾಖಲಾಗದೆ ಉಳಿಯಿತು.

ರದ್ದು ಮಾಡಿದವರು ಸ್ಟೋರ್‌ಕೀಪರ್ ಯೂಸುಫ್. ಊರು ಬಂಟ್ವಾಳದ ಹತ್ತಿರ, ಬ್ಯಾರಿ ಮುಸ್ಲಿಮರು. ಕಂಪನಿಯ ಕರಾವಳಿಯವರೆಲ್ಲರ ಬಾಯಲ್ಲಿ ಯೂಸುಫಾಕ. ಮೊದಲು ಸಿಕ್ಕಿಬಿದ್ದವನು ಪ್ಲಂಬಿಂಗ್ ಫೋರ್‌ಮನ್ ನೊರ್ಬರ್ಟ್.

“ಯೂಸುಫಾಕ, ಅದೊಂದು ಕೊಡಿ. ಪೈಪಿನ ತುದಿಗೆ ಹಾಕುದು. ರೌಂಡ್ ಉಂಟಲ್ಲ.”

“ಹೆಸರು?”

“ನೊರ್ಬರ್ಟ್. ಎಂತ, ನನ್ನ ಗುರ್ತ ಇಲ್ವಾ?”

“ನಿಮ್ಮದಲ್ಲ, ಸಾಮಾನಿದ್ದು.”

“ಅಯ್ಯೋ ಮಾರಾಯ್ರೆ, ಹೊರಗೆ ಬಸ್ಸು ಹಾರ್ನ್ ಹಾಕ್ತಾ ಉಂಟು. ಯಲ್ಲಾ, ಬೇಗ ಕೊಡಿ!”

“ಹೆಸರಿಲ್ಲದಿದ್ರೆ ಸಾಮಾನು ಮಾಫಿ, ಇಲ್ಲವೇ ಇಲ್ಲ. ಇಂಗ್ಲಿಷಿನಲ್ಲಿ ಹೇಳಿ, ಸರಿಯಾಗಿ ಹೇಳಿ, ಕೂಡ್ಲೇ ಕೊಡ್ತೇನೆ. ರೌಂಡ್ ಅಂದ್ರೆ ಇಲ್ಲಿ ಏಳ್ನೂರು ನಮೂನೆ ಉಂಟು. ನಿಮ್ಮ ತಲೆ ಕೂಡ ರೌಂಡೇ.”

ನೊರ್ಬರ್ಟ್ ಹತ್ತು ನಿಮಿಷ ಒದ್ದಾಡಿ ‘ಎಂಡ್ ಕ್ಯಾಪ್’ ಎಂದ. ಎಷ್ಟು ಇಂಚು, ಥ್ರೆಡ್ ಒಳಗೋ ಹೊರಗೋ, ಹಿತ್ತಾಳೆಯೋ ಪಿವಿಸಿಯೋ ಎಂಬ ಉಪಪ್ರಶ್ನೆಗಳನ್ನೂ ದಾಟಿ ಕೊನೆಗೆ ಸಾಮಾನು ಪಡೆದು, ಬಾಗಿಲಲ್ಲಿ ನಿಂತು ಹೇಳಿದ: “ಪರೀಕ್ಷೆ ಬರೆಯುದು ಬ್ಯಾರಿ, ಫೇಲಾಗುದು ನಾವು!”

ಪರೀಕ್ಷೆಯ ವಿಷಯ ಹೀಗೆ. ಹೊಸದಾಗಿ ಬಂದಿದ್ದ ಇಂಗ್ಲಿಷ್ ಮ್ಯಾನೇಜರ್ ಪೆಂಬರ್ಟನ್ ಸಾಹೇಬರು ಸುತ್ತೋಲೆ ಹೊರಡಿಸಿದ್ದರು: ‘ಸ್ಟೋರ್ಸ್ ಕಂಟ್ರೋಲರ್’ ಎಂಬ ಹುದ್ದೆ ತೆರೆಯಲಾಗಿದೆ, ಬೇಕಾದವರು ಜನವರಿಯಲ್ಲಿ ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಶಬ್ದಜ್ಞಾನಕ್ಕೆ ಐವತ್ತು ಅಂಕ, ಪ್ರಬಂಧಕ್ಕೆ ಐವತ್ತು, ಪಾಸಾಗಲು ಅರುವತ್ತು. ಯೂಸುಫಾಕ ಹದಿಮೂರು ವರ್ಷಗಳಿಂದ ಸ್ಟೋರ್ ನಡೆಸುತ್ತಿದ್ದರೂ ಅವರ ವೀಸಾದಲ್ಲಿ ಬರೆದದ್ದು ‘ಲೋಡರ್’ ಎಂದು. ಲೋಡರನಿಗೆ ಕುಟುಂಬದ ವೀಸಾ ಸಿಗುವುದಿಲ್ಲ, ಕಂಟ್ರೋಲರನಿಗೆ ಸಿಗುತ್ತದೆ. ಊರಿನಲ್ಲಿ ಹೆಂಡತಿ ಸಫಿಯಾ, ಐದು ವರ್ಷದ ಮಗಳು ಹಿಬಾ. ಇಷ್ಟೇ ವಿಷಯ. ಅವರು ಇದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ನಾವೆಲ್ಲ ಉಳಿಯುತ್ತಿದ್ದ ಕಂಪನಿಯ ಕ್ಯಾಂಪಿನಲ್ಲಿ ಎಲ್ಲರಿಗೂ ಎಲ್ಲರ ವೀಸಾ ಬಾಯಿಪಾಠ.

ಪಾಠ ಹೇಳಿಕೊಡುವ ಕೆಲಸ ನನಗೆ ಬಂತು. ನಾನು ಕಂಪನಿಯ ಪತ್ರವ್ಯವಹಾರದ ಗುಮಾಸ್ತ, ಉಡುಪಿಯ ಕಡೆಯವನು, ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡು ಬಿ.ಎ. ಮಾಡಿದವನು. ಆ ದಿನಗಳಲ್ಲಿ ನನ್ನ ಇಂಗ್ಲಿಷಿನ ಬಗ್ಗೆ ಕಂಪನಿಯಲ್ಲಿ ಎರಡು ಅಭಿಪ್ರಾಯಗಳಿರಲಿಲ್ಲ. ನನಗಂತೂ ಇರಲಿಲ್ಲ. ಅವರ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ನಡುವೆ ಇಬ್ಬರೂ ಶಾಲೆಯಲ್ಲಿ ಕಲಿತ ಕನ್ನಡ ಹಾಸಿಕೊಂಡು ಕುಳಿತೆವು. ಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆಯ ಬಿಡುವಿನಲ್ಲಿ ಇಡೀ ಬೀದಿ ಮಲಗಿದಾಗ, ರ‍್ಯಾಕುಗಳ ನಡುವೆ, ಏರ್‌ಕಂಡೀಷನರಿನ ಗೊರಕೆಯ ಕೆಳಗೆ ಪಾಠ.

ಮೊದಲ ದಿನವೇ ಕ್ಯಾಂಟೀನಿಗೆ ಫೋನ್ ಮಾಡಿ ಅವರು ಇಂಗ್ಲಿಷಿನಲ್ಲಿ ಚಹಾ ತರಿಸಿದರು.

“ಟೀ, ಬ್ಲ್ಯಾಕ್, ಹಾಟ್, ಶುಗರ್ ವಿದೌಟ್, ಟೂ ನಂಬರ್ಸ್.”

ಅವರ ಇಂಗ್ಲಿಷ್ ಎಲ್ಲಿಂದ ಬಂದದ್ದೆಂದು ಆಗ ತಿಳಿಯಿತು. ಸ್ಟೋರಿನ ಕ್ಯಾಟಲಾಗುಗಳಲ್ಲಿ ವಸ್ತುವಿನ ಹೆಸರು ಮೊದಲು, ಗುಣಗಳು ಆಮೇಲೆ, ಎಣಿಕೆ ಕೊನೆಗೆ. ಹದಿಮೂರು ವರ್ಷ ಅವರು ಓದಿದ್ದು ಅದೊಂದೇ ಸಾಹಿತ್ಯ. ಬೀದಿಯ ಬೆಕ್ಕು ‘ಕ್ಯಾಟ್, ಗ್ರೇ, ಟೇಲ್ ಡ್ಯಾಮೇಜ್ಡ್, ಒನ್ ನಂಬರ್’. ಕ್ರಿಯಾಪದಗಳಿಗೆ ಅವರ ರ‍್ಯಾಕಿನಲ್ಲಿ ಜಾಗವೇ ಇರಲಿಲ್ಲ.

ನಾನು ಮೇಷ್ಟ್ರ ಗತ್ತಿನಲ್ಲಿ ಕೇಳಿದೆ: “ಯೂಸುಫಾಕ, ನಿಮಗೆ ಶಬ್ದಗಳು ಎಷ್ಟು ಗೊತ್ತುಂಟು?”

“ನಾಲ್ಕು ಸಾವಿರದ ಮುನ್ನೂರ ಹನ್ನೆರಡು.”

ನಾನು ನಕ್ಕೆ. ಅವರು ನಗಲಿಲ್ಲ. ಗೋಡೆಯುದ್ದಕ್ಕೂ ಇದ್ದ ಕಾರ್ಡುಗಳ ಡ್ರಾಯರ್ ತೋರಿಸಿದರು. ಒಂದೊಂದು ವಸ್ತುವಿಗೆ ಒಂದೊಂದು ಕಾರ್ಡು. ಬಳಿಕ ನನ್ನ ಜೇಬಿನಿಂದ ಪೆನ್ಸಿಲ್ ತೆಗೆದು, ರಬ್ಬರನ್ನು ಕಚ್ಚಿ ಹಿಡಿದಿರುವ ಲೋಹದ ಬಳೆಯ ಮೇಲೆ ಉಗುರಿಟ್ಟು ಕೇಳಿದರು:

“ಇದಕ್ಕೆ ಎಂತ ಹೇಳುದು, ಪೊರ್ಬುಗಳೇ?”

ಕ್ರಿಸ್ತಿಯನ್ನರನ್ನು ನಮ್ಮೂರಲ್ಲಿ ಮರ್ಯಾದೆಯಿಂದ ಕರೆಯುವುದು ಹಾಗೆ. ಆ ಹೊತ್ತಿಗೆ ಮರ್ಯಾದೆ ಉಳಿಸಿಕೊಳ್ಳುವುದು ಕಷ್ಟವಾಯಿತು. ಮೂವತ್ತು ವರ್ಷ ಪೆನ್ಸಿಲ್ ಹಿಡಿದವನಿಗೆ ಅದರ ಹೆಸರು ಗೊತ್ತಿರಲಿಲ್ಲ.

“ಫೆರ್ರೂಲ್,” ಎಂದರು. ಬೀಗದ ಕೈ ತೂರಿಸುವ ತೂತಿನ ಸುತ್ತಲಿನ ತಗಡು? ಎಸ್ಕಚನ್. ಶೂ ಲೇಸಿನ ತುದಿಯ ಪ್ಲಾಸ್ಟಿಕ್? ಆಗ್ಲೆಟ್. ನನಗೆ ನೂರಾರು ಬಗೆಯ ದುಃಖಗಳಿಗೆ ಇಂಗ್ಲಿಷ್ ಗೊತ್ತಿತ್ತು. ದಿನವೂ ಮುಟ್ಟುವ ಮೂರು ವಸ್ತುಗಳಿಗೆ ಗೊತ್ತಿರಲಿಲ್ಲ.

ಆದರೂ ಪರೀಕ್ಷೆಯಲ್ಲಿ ಕೇಳುವುದು ಫೆರ್ರೂಲ್ ಅಲ್ಲವಲ್ಲ. ಕಣ್ಣಿಗೆ ಕಾಣದ ಶಬ್ದಗಳ ಪಟ್ಟಿಯೊಂದನ್ನು ಮಾಡಿಕೊಟ್ಟೆ. ವಾರಕ್ಕೆ ಇಪ್ಪತ್ತು, ಅರ್ಥ ಬಾಯಿಪಾಠ ಮಾಡಿದರೆ ಸಾಕು ಎಂದೆ. ಅವರು ಪಟ್ಟಿಯನ್ನು ನೋಡಿ ತಲೆಯಾಡಿಸಿದರು.

“ಬಾಯಿಪಾಠ ಆಗುದಿಲ್ಲ. ಕೈಗೆ ಸಿಗದ್ದಕ್ಕೆ ನಾನು ಕಾರ್ಡು ಬರೆಯುದಿಲ್ಲ.”

“ಇವೆಲ್ಲ ಕೈಗೆ ಸಿಗುವಂಥವಲ್ಲ ಯೂಸುಫಾಕ. ಗುಣ, ಭಾವ ಅಂತ ಇರ್ತದಲ್ಲ.”

“ಹಡಗಿನಲ್ಲಿ ಬಂದದ್ದೆಲ್ಲ ಮೊದಲು ಹಾಗೇ ಇರ್ತದೆ. ಪೆಟ್ಟಿಗೆ ಒಡೆದು ಹುಡುಕ್ಬೇಕು.”

ಪಟ್ಟಿಯ ಮೊದಲ ಶಬ್ದ ‘ರಿಲಕ್ಟೆಂಟ್’. ಡಿಕ್ಷನರಿಯಲ್ಲಿ ‘ಮನಸ್ಸಿಲ್ಲದ, ಹಿಂಜರಿಯುವ’ ಎಂದಿತ್ತು. ಮೂರು ದಿನ ಅವರು ಆ ಶಬ್ದವನ್ನು ಬಾಯಿಗೆ ತರಲಿಲ್ಲ. ನಾಲ್ಕನೆಯ ದಿನ ನಾನು ಹೋದಾಗ ಮೇಜಿನ ಮೇಲೆ ಒಂದು ತುಕ್ಕು ಹಿಡಿದ ಬೋಲ್ಟು, ಅದಕ್ಕೆ ಅಂಟಿಕೊಂಡ ನಟ್ಟು, ಪಕ್ಕದಲ್ಲಿ ಸ್ಪ್ಯಾನರ್.

“ತಿರುಗಿಸಿ.”

ತಿರುಗಿಸಿದೆ. ಅಲುಗಲಿಲ್ಲ. ಇನ್ನೂ ಸ್ವಲ್ಪ ಬಲ ಹಾಕಿದೆ. ಕಿರ್ ಎಂದು ಒಂದು ಕೂದಲಿನಷ್ಟು ಸರಿದು ನಿಂತಿತು. ಮತ್ತೆ ಬಲ ಹಾಕಿದರೆ ಮತ್ತೆ ಅಷ್ಟೇ.

“ಇದು ಸೀಜ್ಡ್ ಅಲ್ಲ,” ಎಂದರು ಯೂಸುಫಾಕ, ಮೆಲ್ಲನೆ, ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವವರ ಹಾಗೆ. “ಸೀಜ್ಡ್ ಅಂದ್ರೆ ಬರುದೇ ಇಲ್ಲ, ಖಲಾಸ್. ಟೈಟ್ ಕೂಡ ಅಲ್ಲ. ಟೈಟ್ ಆದ್ದು ಒಮ್ಮೆ ಬಿಟ್ರೆ ಸಲೀಸು ಬರ್ತದೆ. ಇದು ಬರ್ತದೆ, ಆದ್ರೆ ಪ್ರತಿ ಸುತ್ತಿಗೂ ಬೇಡಿಸ್ಕೊಳ್ತದೆ. ಇದು ರಿಲಕ್ಟೆಂಟ್.”

ನಾನು ಸ್ಪ್ಯಾನರ್ ಹಿಡಿದು ಇನ್ನೊಮ್ಮೆ ತಿರುಗಿಸಿದೆ. ಆ ಶಬ್ದವನ್ನು ನಾನು ಪರೀಕ್ಷೆಗಳಲ್ಲಿ, ಪತ್ರಗಳಲ್ಲಿ, ಒಂದು ಪ್ರೇಮಪತ್ರದಲ್ಲಿ ಸಹ ಬಳಸಿದ್ದೆ. ಅದರ ಭಾರ ಅಂಗೈಗೆ ತಾಗಿದ್ದು ಆವತ್ತೇ ಮೊದಲು.

ಆಮೇಲೆ ಪಾಠಕ್ಕೆ ಹೋಗುವ ಉತ್ಸಾಹ ಯಾರಿಗೆ ಜಾಸ್ತಿ ಇತ್ತೆಂದು ಹೇಳಲಾರೆ. ‘ಟಾಲರೆನ್ಸ್’ ಎಂದರೆ ಸಹನೆ ಎಂದು ನಾನು ಬರೆಸಿದ್ದೆ. ಅವರು ಒಂದು ಬೋಲ್ಟನ್ನು ಅಳತೆಯ ಉಪಕರಣದಲ್ಲಿ ಸಿಕ್ಕಿಸಿ ತೋರಿಸಿದರು. ಕಾಗದದಲ್ಲಿ ಹನ್ನೆರಡು ಮಿಲ್ಲಿಮೀಟರ್, ಕೈಯಲ್ಲಿ ಅದಕ್ಕಿಂತ ಒಂದು ಎಳೆ ಕಡಿಮೆ.

“ನೋಡಿ, ತಪ್ಪುಂಟು. ಆದ್ರೆ ಇಷ್ಟು ತಪ್ಪಿಗೆ ಮೊದಲೇ ಒಪ್ಪಿಗೆ ಕೊಟ್ಟು ಬಿಟ್ಟಿದ್ದಾರೆ. ಅದೇ ಟಾಲರೆನ್ಸ್. ಅದಿಲ್ಲದಿದ್ರೆ ಪ್ರಪಂಚದಲ್ಲಿ ಒಂದು ಬೋಲ್ಟು ಕೂಡ ಪಾಸಾಗುದಿಲ್ಲ.”

“ನೀವು ‘ಅದು’ ಅಂದ್ರಿ.”

“ಕೌಂಟರಿನ ಒಳಗೆ ಅನ್ಬಹುದು.”

ಒಂದೇ ಒಂದು ಶಬ್ದ ವಾಪಸು ಬಂತು. ‘ರಿಗ್ರೆಟ್’. ಐದು ದಿನ ರ‍್ಯಾಕುಗಳ ನಡುವೆ ಓಡಾಡಿ, ಏಣಿ ಹತ್ತಿ, ಹಳೆಯ ಪೆಟ್ಟಿಗೆಗಳನ್ನೆಲ್ಲ ತೆಗೆಸಿ ಹಾಕಿಸಿ, ಕೈ ಒರೆಸಿಕೊಳ್ಳುತ್ತ ಬಂದರು.

“ಸ್ಟಾಕಿಲ್ಲ, ಪೊರ್ಬುಗಳೇ. ನೀವು ದಿನಾ ಲೆಟರಲ್ಲಿ ಬರೀತೀರಲ್ಲ, ‘ವೀ ರಿಗ್ರೆಟ್, ವೀ ರಿಗ್ರೆಟ್’ ಅಂತ. ನಿಮ್ಮ ಆಫೀಸಲ್ಲಿ ನೋಡಿ.”

ನಾನು ಆ ದಿನವೇ ಆಫೀಸಿನಲ್ಲಿ ನೋಡಿದೆ. ಅಲ್ಲಿಯೂ ಸ್ಟಾಕಿರಲಿಲ್ಲ.

ಡಿಸೆಂಬರ್ ಹೊತ್ತಿಗೆ ಕ್ರಿಯಾಪದಗಳು ಬರತೊಡಗಿದವು, ವಾಕ್ಯಗಳು ನೆಟ್ಟಗೆ ನಿಂತವು. ನನಗೆ ಭಯವಿದ್ದುದು ಪ್ರಬಂಧದ ಬಗ್ಗೆ ಮಾತ್ರ. ಇನ್ನೂರು ಶಬ್ದಕ್ಕೆ ಕಡಿಮೆಯಾಗಬಾರದೆಂದು ಸುತ್ತೋಲೆಯಲ್ಲೇ ಇತ್ತು. ಯಾವ ವಿಷಯ ಬಂದರೂ ಹೊಂದುವಂಥ ಒಂದು ಸಿದ್ಧ ಸರಕನ್ನು ನಾನೇ ತಯಾರಿಸಿಕೊಟ್ಟೆ: ವ್ಯಕ್ತಿಯಾದರೆ ‘ಕಷ್ಟಸಹಿಷ್ಣು, ಸಮಯಪಾಲಕ, ಎಲ್ಲರ ಪ್ರೀತಿಗೆ ಪಾತ್ರ’, ಊರಾದರೆ ‘ಪ್ರಕೃತಿರಮಣೀಯ’. ಅವರು ಅದನ್ನು ಓದಿ, ನಾಲ್ಕಾಗಿ ಮಡಿಸಿ, ಡ್ರಾಯರಿನಲ್ಲಿಟ್ಟರು.

ಜನವರಿಯ ಎರಡನೇ ವಾರ ಮ್ಯಾನೇಜರ ಕಚೇರಿಯ ಪಕ್ಕದ ಕೋಣೆಯಲ್ಲಿ ಪರೀಕ್ಷೆ. ಕಾವಲು ನನ್ನದು. ಅಭ್ಯರ್ಥಿ ಒಬ್ಬರೇ; ಇನ್ನಿಬ್ಬರು ಹೆಸರು ಕೊಟ್ಟಿದ್ದವರು ಯೂಸುಫಾಕನ ಕೌಂಟರಿನಲ್ಲಿ ಎರಡು ತಿಂಗಳು ಸಾಮಾನು ಕೇಳಿದ ಮೇಲೆ ಹಿಂದೆ ಸರಿದಿದ್ದರು. ಶಬ್ದಜ್ಞಾನದ ಭಾಗವನ್ನು ಅವರು ಹದಿನೈದು ನಿಮಿಷದಲ್ಲಿ ಮುಗಿಸಿದರು. ಪ್ರಬಂಧದ ವಿಷಯ: ‘ನಾನು ಚೆನ್ನಾಗಿ ಬಲ್ಲ ಒಬ್ಬ ವ್ಯಕ್ತಿ’.

ನನಗೆ ಸಮಾಧಾನವಾಯಿತು. ನನ್ನ ಸಿದ್ಧ ಸರಕು ಇದಕ್ಕೆ ಹೇಳಿ ಹೊಲಿಸಿದ ಅಂಗಿಯ ಹಾಗಿತ್ತು.

ಯೂಸುಫಾಕ ಪೆನ್ನು ಬದಿಗಿಟ್ಟರು. ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. ಆಮೇಲೆ ಬರೆದರು, ಅರ್ಧ ಪುಟಕ್ಕೆ ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದರು. ಇನ್ನೂ ನಲವತ್ತು ನಿಮಿಷವಿತ್ತು.

“ಯೂಸುಫಾಕ,” ಎಂದೆ, ಕಾವಲುಗಾರನ ಧರ್ಮ ಬಿಟ್ಟು, “ಇನ್ನೂರು ಆಗ್ಬೇಕು.”

“ಗೊತ್ತುಂಟು.”

“ನಾನು ಬರೆದು ಕೊಟ್ಟದ್ದನ್ನು ಹಾಕಿ ಮಾರಾಯ್ರೆ. ಯಾರು ಬಂದು ನೋಡ್ತಾರೆ? ಸಫಿಯಾ ಬರುದು ಬೇಡ್ವಾ ನಿಮಗೆ?”

ಅವರು ನನ್ನನ್ನು ನೋಡಿದರು. ಕೋಪವಿರಲಿಲ್ಲ. “ಬೇಕು. ಅದಕ್ಕೇ ಹಾಕಲಿಲ್ಲ,” ಎಂದು ಕಾಗದ ಕೈಗಿಟ್ಟು ಎದ್ದು ಹೋದರು.

ಮ್ಯಾನೇಜರ ಬಾಗಿಲಿಗೆ ಹತ್ತು ಹೆಜ್ಜೆ ಇತ್ತು. ಆ ಹತ್ತು ಹೆಜ್ಜೆಯಲ್ಲಿ ನಾನು ಓದಿದೆ. ಅದರ ಇಂಗ್ಲಿಷ್ ಮುರುಕಾಗಿರಲಿಲ್ಲ, ಅಲಂಕಾರವೂ ಇರಲಿಲ್ಲ. ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

‘ನನಗೆ ಮದುವೆಯಾಗಿ ಒಂಬತ್ತು ವರ್ಷವಾಯಿತು. ಅದರಲ್ಲಿ ನಾನು ನನ್ನ ಹೆಂಡತಿಯ ಜೊತೆ ಇದ್ದದ್ದು ಇನ್ನೂರ ಹದಿನಾಲ್ಕು ದಿನ. ಆದ್ದರಿಂದ ಇನ್ನೂರ ಹದಿನಾಲ್ಕು ದಿನದ ಹೆಂಡತಿಯ ಬಗ್ಗೆ ಮಾತ್ರ ಬರೆಯುತ್ತೇನೆ. ಎರಡೂ ಕೈ ತುಂಬಿರುವಾಗ ಅವಳು ಬೀಗದ ಕೈಯನ್ನು ಹಲ್ಲಿನಲ್ಲಿ ಹಿಡಿಯುತ್ತಾಳೆ. ಮೀನು ಕೊಯ್ಯುವುದು ಎಡಗೈಯಲ್ಲಿ, ಬರೆಯುವುದು ಬಲಗೈಯಲ್ಲಿ. ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ, ಸುಮಾರು ಅರ್ಧಕ್ಕೆ. ನಾನು ಹೊರಡುವ ದಿನ ಅವಳು ಅಳುವುದಿಲ್ಲ, ಪಾತ್ರೆ ತೊಳೆಯುತ್ತಾಳೆ, ತೊಳೆದ ಪಾತ್ರೆಗಳನ್ನೂ ತೊಳೆಯುತ್ತಾಳೆ. ಉಳಿದ ದಿನಗಳಲ್ಲಿ ಅವಳು ಹೇಗಿರುತ್ತಾಳೆಂದು ನಾನು ಪರಿಶೀಲಿಸಿಲ್ಲ. ಪರಿಶೀಲಿಸದ್ದನ್ನು ಬರೆಯುವುದಿಲ್ಲ.’

ಬಾಗಿಲ ಮುಂದೆ ನಿಂತು ಮತ್ತೆ ಮೊದಲಿನಿಂದ ಓದತೊಡಗಿದೆ. ಒಳಗಿನಿಂದ ಪೆಂಬರ್ಟನ್ ಸಾಹೇಬರೇ ಕರೆದರು.

ಅವರು ಕೆಂಪು ಪೆನ್ನು ಹಿಡಿದು ಓದಿದರು. ಎರಡನೆಯ ಸಲ ಪೆನ್ನನ್ನು ಕೆಳಗಿಟ್ಟು ಓದಿದರು. ಶಬ್ದಗಳನ್ನು ಎಣಿಸಿದರು. ನೂರಾ ಎರಡು. ಯೂಸುಫಾಕನಿಗೆ ಹೇಳಿಕಳಿಸಿದರು.

“ಇಷ್ಟಕ್ಕೇ ಯಾಕೆ ನಿಲ್ಲಿಸಿದಿರಿ? ನಿಯಮ ಗೊತ್ತಿತ್ತಲ್ಲ?”

ಗಾಬರಿಗೆ ಯೂಸುಫಾಕನ ವಾಕ್ಯಗಳೆಲ್ಲ ಕಳಚಿ ಹಳೆಯ ಕ್ಯಾಟಲಾಗು ಹೊರಬಂತು: “ಸರ್, ಪರ್ಸನ್, ನೋನ್ ವೆಲ್, ಅಪ್ ಟು ಹಿಯರ್. ಆಫ್ಟರ್ ದಿಸ್, ನೋನ್ ನಾಟ್ ವೆಲ್.”

ಚೆನ್ನಾಗಿ ಬಲ್ಲದ್ದು ಇಲ್ಲಿಯವರೆಗೆ, ಆಮೇಲಿನದು ಚೆನ್ನಾಗಿ ಬಲ್ಲದ್ದಲ್ಲ. ಸಾಹೇಬರು ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಒಂದು ಸಿಮೆಂಟ್ ಲಾರಿ ಬಿಟ್ಟರೆ ಏನೂ ಇರಲಿಲ್ಲ. ಅವರು ಅದನ್ನು ಸಾಕಷ್ಟು ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಯೂಸ್ಟೇಸ್, ಹೀಗೆ ಬರೆಯಲು ಕಲಿಸಿದ್ದು ನೀವಾ?”

“ಇಲ್ಲ ಸರ್,” ಎಂದೆ. “ನಾನು ಇವರ ಹತ್ತಿರ ಹೋಗಿ ಬರ್ತಿದ್ದೆ, ಅಷ್ಟೇ.”

ಸಾಹೇಬರು ತಲೆಯಾಡಿಸಿದರು. ಹೊರಗೆ ಬಂದ ಮೇಲೆ ಯೂಸುಫಾಕ ಕೇಳಿದ್ದು ಒಂದೇ ಮಾತು: “ಪೊರ್ಬುಗಳೇ, ಫೇಲಾ?” ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಮೂರು ತಿಂಗಳ ಹಿಂದೆ ಆಗಿದ್ದರೆ ಖಂಡಿತ ಪಾಸು ಎನ್ನುತ್ತಿದ್ದೆ.

ಗುರುವಾರ ನೋಟಿಸ್ ಬೋರ್ಡಿನ ಮುಂದೆ ನೊರ್ಬರ್ಟ್ ಎಲ್ಲರನ್ನೂ ತಳ್ಳಿ ಮೊದಲು ಓದಿದ. ಶಬ್ದಜ್ಞಾನ ಐವತ್ತಕ್ಕೆ ನಲವತ್ತೊಂಬತ್ತು. ಪ್ರಬಂಧ ಐವತ್ತಕ್ಕೆ ಇಪ್ಪತ್ತು. ಉದ್ದ ಸಾಲದ್ದಕ್ಕೆ ಮೂವತ್ತು ಕಡಿತ. ಒಟ್ಟು ಅರುವತ್ತೊಂಬತ್ತು, ಪಾಸು. ವೀಸಾದಲ್ಲಿ ಹುದ್ದೆ ಬದಲಾಗಲು ಎರಡು ತಿಂಗಳು ಹಿಡಿಯಿತು. ಏಪ್ರಿಲ್ ಒಂಬತ್ತರಂದು ಸಫಿಯಾ ಮತ್ತು ಹಿಬಾ ಬೊಂಬಾಯಿ ಮೂಲಕ ದೋಹಾಕ್ಕೆ ಬಂದು ಅಲ್ ಅಜೀಜಿಯಾದಲ್ಲಿ ಎರಡು ಕೋಣೆಯ ಮನೆ ಸೇರಿದರು.