ಎತ್ತರದ ಸ್ಟೂಲು

"ಅದನ್ನ ಗೋಡೆ ಪಕ್ಕ ಇಡಿ, ದಾರಿಗೆ ಅಡ್ಡ ಆಗುತ್ತೆ," ಎನ್ನುತ್ತ ಮಗಳು, ಟೈಲರ್ ಹೊತ್ತು ತಂದ ಸ್ಟೂಲಿನ ಒಂದು ಕಾಲು ಹಿಡಿದಳು. ಒಳಗೆ ಅಪ್ಪನನ್ನು ಮಲಗಿಸಿದ್ದರು. ಬಡಗಿ ಕೆಲಸದ ಅಪ್ಪ ರಾತ್ರಿ ಉಂಡು ಮಲಗಿದವನು ಬೆಳಗ್ಗೆ ಎದ್ದಿರಲಿಲ್ಲ. ಬಂದವರಿಗೆ ಕೂರಲು ಮನೆಯ ಕುರ್ಚಿಗಳು ಸಾಲದೆ, ಬೀದಿಯವರು ತಮ್ಮಲ್ಲಿದ್ದುದನ್ನು ತರುತ್ತಿದ್ದರು.

ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಯಾರೋ ತಲೆಗೆ ಬಡಿದು ಹೋದ ಹಾಗೆ ಕಿವಿ ಗುಂಯ್‌ಗುಟ್ಟುತ್ತಿತ್ತು. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಚೆನ್ನಾಗೇ ಇದ್ರು. ಎರಡನೇ ಆಪರೇಷನ್ ಆದ್ಮೇಲೆ ದಿನಾ ಸಂಜೆ ಬೀದಿ ಕೊನೆವರೆಗೂ ನಡ್ಕೊಂಡು ಹೋಗ್ತಿದ್ರು." ಹಾಗೆಂದಾಗ ಸ್ವಲ್ಪ ಉಸಿರಾಡಲು ಆಗುತ್ತಿತ್ತು.

*

ಮೊದಲು ಹಾಕಿದ ಸೊಂಟದ ಕೀಲು ಸಡಿಲಾಗಿದೆ, ತೆಗೆದು ಬೇರೆ ಹಾಕಬೇಕು ಎಂದು ಡಾಕ್ಟರು ಹೇಳಿದಾಗ ಅಪ್ಪ ಒಪ್ಪಿರಲಿಲ್ಲ.

"ಕುರ್ಚಿ ಕಾಲಿಗೆ ಎರಡನೇ ಸಲ ಬೆಣೆ ಹೊಡೀಬಾರದಮ್ಮಾ. ತೂತು ದೊಡ್ಡದಾಗಿರುತ್ತೆ, ಮರ ಸೀಳುತ್ತೆ."

"ನೀನೇನು ಕುರ್ಚೀನಾ ಅಪ್ಪಾ?"

"ನಿಮ್ಮಮ್ಮನ್ನ ಕೇಳು. ಕುರ್ಚಿನೇ ವಾಸಿ, ಬಾಯಾದ್ರೂ ಮುಚ್ಕೊಂಡಿರುತ್ತೆ ಅಂತಾಳೆ."

ಅವಳು ನಗಲಿಲ್ಲ. ಹಟ ಹಿಡಿದಳು, ಅತ್ತಳು, ಮಾತು ಬಿಟ್ಟಳು. ಕೊನೆಗೆ ಅಪ್ಪ ಸೋತ. ಆಮೇಲೆ ಅವಳು ತನ್ನೂರಿನಿಂದ ಫೋನ್ ಮಾಡಿ ಹೇಗಿದೆ ಎಂದಾಗಲೆಲ್ಲ ಒಂದೇ ಉತ್ತರ: "ಆರಾಮ. ಬೀದಿ ಕೊನೇಲಿದೀನಿ."

*

ಇಸ್ತ್ರಿಯವನು ಇನ್ನೊಂದು ಸ್ಟೂಲು ತಂದಿಟ್ಟ. ಎರಡೂ ಅಕ್ಕಪಕ್ಕ ನಿಂತಾಗ ಅವಳ ಕಣ್ಣಿಗೆ ಬಿತ್ತು: ಎರಡೂ ಅಪ್ಪನ ಕೈಯ ಕೆಲಸ, ಎರಡೂ ಬೇಕಾದ್ದಕ್ಕಿಂತ ಎತ್ತರ. ಒಂದರ ಮೇಲೆ ಕೂತ ದೊಡ್ಡಮ್ಮನ ಕಾಲು ಮಗುವಿನ ಕಾಲಿನಂತೆ ನೇತಾಡುತ್ತಿತ್ತು.

"ಇಷ್ಟೆತ್ತರ ಯಾಕೆ ಮಾಡಿಸಿದ್ರಿ?"

"ನಾನೆಲ್ಲಿ ಮಾಡಿಸಿದೆ?" ಎಂದ ಟೈಲರ್. "ಮೇಸ್ತ್ರಿನೇ ತಂದಿಟ್ರು, ತಗ್ಗಲ್ಲಿ ಕೂತ್ರೆ ಏಳಕ್ಕಾಗಲ್ಲ ಅಂತ. ಬೀದಿ ಕೊನೆ ಅಂಗಡಿ ಅಲ್ವಾ ನಂದು? ಮೊದಮೊದಲು ದಿನಾ ಬರ್ತಿದ್ರು. ಆಮೇಲೆ ನಿಲ್ಲಿಸಿಬಿಟ್ರು. ನನ್ನ ಮೇಲೇನೋ ಕೋಪ ಅಂದ್ಕೊಂಡಿದ್ದೆ."

"ಕೋಪ ಅಲ್ಲ ಕಣಣ್ಣ," ಇಸ್ತ್ರಿಯವನು ತಲೆ ತಗ್ಗಿಸಿದ. "ಅಷ್ಟು ದೂರ ಆಗ್ತಿರಲಿಲ್ಲ. ಅರ್ಧ ದಾರಿಗೆ, ನಮ್ಮ ಗಾಡಿ ಹತ್ರ ಕೂರ್ತಿದ್ರು. ನೋವಾ ಅಂದ್ರೆ, 'ಮಗಳಿಗೆ ಹೇಳ್ಬೇಡ, ಮೂರನೇದಕ್ಕೆ ಎಳ್ಕೊಂಡು ಹೋಗ್ತಾಳೆ' ಅಂತ ನಗೋರು."

ಅವಳು ಅಮ್ಮನ ಕಡೆ ತಿರುಗಿದಳು.

"ಸಂಜೆ ಹೋದ್ರೆ ಕತ್ತಲಾದ್ಮೇಲೇ ಬರ್ತಿದ್ರಲ್ಲೇ," ಅಮ್ಮ ಯಾರನ್ನೋ ಕೇಳುವವಳಂತೆ ಹೇಳಿದಳು. "ನಡೀತಿದಾರೆ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಗೇಟು ತಳ್ಳಿಕೊಂಡು ಬಂದರು. ಅವರ ಕೈಯಲ್ಲೂ ಸ್ಟೂಲು. ವಾರ್ನಿಷ್ ವಾಸನೆ ಇನ್ನೂ ಹೋಗಿರಲಿಲ್ಲ.

"ಎಲ್ಲಿಡ್ಲಿ ಮಗಾ? ಈಚೆಗೆ ನಮ್ಮ ಗೇಟೊಳಗೇ ಕೂರ್ತಿದ್ರು. ನಿನ್ನೆ ನಿನ್ನ ಫೋನ್ ಬಂದಾಗ್ಲೂ ಅಲ್ಲೇ ಇದ್ರಲ್ಲ."

ಅವಳು ಆ ಸ್ಟೂಲಿನ ಮೇಲೆ ಕೂತಳು. ಪಾದ ನೆಲಕ್ಕೆ ಎಟುಕಲಿಲ್ಲ.

ಹೊರಗೆ ವ್ಯಾನ್ ನಿಂತ ಸದ್ದಾಯಿತು. "ಏಳಮ್ಮಾ, ಹೊತ್ತಾಯ್ತು," ಎಂದರು ಯಾರೋ. ಏಳಲೆಂದು ಹಲಗೆಯ ಅಂಚನ್ನು ಹಿಡಿದಳು. ಅಡಿಯಲ್ಲಿ, ಬೆರಳು ಸಿಕ್ಕಿಸಿ ಮೇಲೇಳಲು ಉಳಿಯಿಂದ ತೋಡಿ, ನಯವಾಗಿ ಉಜ್ಜಿದ ಗುಳಿಗಳಿದ್ದವು. ಅವಳ ಬೆರಳಿಗೆ ಅವು ತೀರಾ ಅಗಲ.