ಸುಮ್ಮನಾದ ಪೈಪು

ಕರೆಂಟು ಹೋಗಿ ಹತ್ತು ನಿಮಿಷವಾದರೂ ಛಾವಣಿ ಮೇಲಿನ ಪೈಪು ಸದ್ದು ಮಾಡಲಿಲ್ಲ.

ಅದನ್ನು ಮೊದಲು ಗಮನಿಸಿದವಳು ಸುಬ್ಬಿ. ಹಳದೀಪುರದ ಕಡಲಂಚಿನ ಹ್ಯಾಚರಿಯಲ್ಲಿ, ಅಂದರೆ ಸಿಗಡಿ (ಊರವರ ಬಾಯಲ್ಲಿ ಶೆಟ್ಲಿ) ಮರಿ ಸಾಕುವ ಜಾಗದಲ್ಲಿ, ಬಾಯ್ಲರಿಗೆ ತೆಂಗಿನ ಗರಟೆ ತುಂಬುವ ಕೆಲಸ ಅವಳದು. ಆಫೀಸಿನ ಬಾಗಿಲಿಗೆ ಬಂದು ಕೇಳಿದಳು:

"ಅಕ್ಕೋರೆ, ಇವತ್ತೆಂತ ಇದು ಉಸಿರೇ ಬಿಡೂದಿಲ್ಲ?"

ಮಾಲತಿ ತಟ್ಟನೆ ಎದ್ದಳು. ಯಂತ್ರಗಳ ಉಸ್ತುವಾರಿ ಅವಳದೇ. ಮಂಕಿ ಊರಿನವಳು, ಹಗಲು ದುಡಿದು, ಸಂಜೆ ಕುಮಟೆಗೆ ಬಸ್ಸು ಹಿಡಿದು ಕ್ಲಾಸಿಗೆ ಹೋಗಿ ಡಿಪ್ಲೊಮಾ ಮುಗಿಸಿದ್ದಳು. ಈ ಬಾಯ್ಲರಿನ ಪೈಪುಗಳ ನಕ್ಷೆ ಬರೆದದ್ದೂ ಅವಳೇ. ಮಳೆ ಹಿಡಿದರೆ ಟ್ಯಾಂಕುಗಳ ನೀರು ತಣಿದು ಮರಿಗಳು ಸಾಯುತ್ತವೆ. ಅದಕ್ಕೆಂದೇ ಬಾಯ್ಲರಿನಲ್ಲಿ ನೀರು ಕಾಯಿಸಿ, ಟ್ಯಾಂಕುಗಳೊಳಗಿನ ಸುರುಳಿ ಪೈಪುಗಳಲ್ಲಿ ಪಂಪಿನಿಂದ ಸುತ್ತಿಸಿ, ಮತ್ತೆ ಬಾಯ್ಲರಿಗೇ ತರುವ ಏರ್ಪಾಡು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. ಜನರೇಟರು ಮರಿಗಳಿಗೆ ಗಾಳಿ ಊದುವುದಕ್ಕಷ್ಟೇ ಸಾಲುತ್ತಿತ್ತು. ಹಾಗಾಗಿ ಹೆಚ್ಚಾದ ಆವಿ ಹೊರಗೆ ಹೋಗಲೆಂದು ಬಾಯ್ಲರಿನ ನೆತ್ತಿಯಿಂದ ಛಾವಣಿ ದಾಟುವ ಪೈಪೊಂದನ್ನು ಅವಳು ತೆರೆದೇ ಇಟ್ಟಿದ್ದಳು. ಕರೆಂಟು ಹೋದಾಗಲೆಲ್ಲ ಅದು ಬುಸ್ ಬುಸ್ ಅನ್ನುತ್ತಿತ್ತು.

ಮಧ್ಯಾಹ್ನ ಮೂರು ಗಂಟೆಗೇ ಕಡಲ ಕಡೆ ಕಪ್ಪು ಕಟ್ಟಿತ್ತು. ಮಾಲತಿ ಬಾಯ್ಲರ್ ಕೋಣೆಗೆ ಓಡಿದಳು. ಅಲ್ಲಿ ಗರಟೆಗಳು ಕೆಂಪಗೆ ಉರಿಯುತ್ತಿದ್ದವು. ಒತ್ತಡದ ಮೀಟರಿನ ಮುಳ್ಳು ಎಂದಿನ ಜಾಗದಲ್ಲೇ ಇತ್ತು. ಉಪ್ಪುಗಾಳಿಗೆ ತುಕ್ಕು ಹಿಡಿದು ಅಲ್ಲೇ ಅಂಟಿಕೊಂಡಿದೆಯೋ, ನಿಜಕ್ಕೂ ಅಷ್ಟೇ ಇದೆಯೋ, ಅವಳಿಗೆ ತಿಳಿಯಲಿಲ್ಲ. ಕಬ್ಬಿಣದೊಳಗಿಂದ ಮಾತ್ರ ಆಗೊಮ್ಮೆ ಈಗೊಮ್ಮೆ 'ಟಿಕ್' ಎಂದು ಕೇಳುತ್ತಿತ್ತು.

ರಿಪೇರಿ ಕೆಲಸದ ವೆಂಕಟ್ರಮಣ ಎಲೆಯಡಿಕೆಯ ಕವಳ ಜಗಿಯುತ್ತ ಒಳಗೆ ಬಂದ.

"ವೆಂಕಟ್ರಮಣಣ್ಣ, ಮೇಲಿನ ಪೈಪಿಗೆ ಎಂತಾದ್ರೂ ಮಾಡಿದ್ರಾ?"

"ಮಾಡದೇ ಇರೂಕಾಗ್ತದ್ಯಾ? ಮಳೆಗಾಲದ ತಯಾರಿ ನಿನ್ನೆಗೇ ಆತು. ಗಟಾರ ಬಿಡಿಸಿದೆ, ಶೀಟಿನ ತೂತು ಮುಚ್ಚಿದೆ. ಆಕಾಶಕ್ಕೆ ಬಾಯಿ ಕಳ್ಕಂಡು ನಿಂತಿತ್ತಲೇ ತಂಗಿ ನಿನ್ನ ಪೈಪು, ಅದಕ್ಕೂ ಒಂದು ಕ್ಯಾಪು. ನೂಲು ಸುತ್ತಿ ಬಿಗಿ ಮಾಡಿದ್ದೆ. ಒಂದು ಹನಿ ಒಳಗೆ ಹೋದ್ರೆ ನನ್ನ ಕೇಳು!"

ಮಾಲತಿ ಛಾವಣಿಯ ಕಡೆ ನೋಡಿದಳು. ಪೈಪಿನ ಬಾಯಿ ಕೆಳಮುಖವಾಗಿ ಬಾಗಿರಬೇಕಿತ್ತು. ಕೂಡಿಸಿದ ದಿನ ಆ ಅಳತೆಯ ಬಾಗುತುಂಡು, ಎಲ್ಬೋ, ಹೊನ್ನಾವರದಲ್ಲಿ ಸಿಕ್ಕಿರಲಿಲ್ಲ. ಆಮೇಲೆ ಕುಮಟೆಯಿಂದ ತಂದಿದ್ದಳು. ಮೂರು ವಾರದಿಂದ ಅದು ಅವಳ ಮೇಜಿನ ಡ್ರಾಯರಿನಲ್ಲೇ ಬಿದ್ದಿತ್ತು. ಬಾಗಿದ ಪೈಪನ್ನು ಯಾರು ಮುಚ್ಚುತ್ತಿದ್ದರು?

ಆವಿ ಹೊರಬೀಳಲು ಬೇರೆ ಎಲ್ಲಾದರೂ ದಾರಿ ಇದ್ದೀತೇ ಎಂದು ಮನಸ್ಸಿನಲ್ಲೇ ಪೈಪುಗಳ ಗುಂಟ ಹೋದಳು. ಬಾಯ್ಲರಿಗೆ ನೀರು ಬಿಡುವ ಮೇಲಿನ ಟ್ಯಾಂಕಿಗೆ ಬಿಸಿನೀರು ವಾಪಸು ಹೋಗದಂತೆ ವಾಲ್ವ್ ಕೂಡಿಸಿದ್ದು ತಾನೇ. ಮತ್ತೊಮ್ಮೆ ಹೋದಳು. ಎಲ್ಲ ಕಡೆಯೂ ಮುಚ್ಚಿತ್ತು.

ಭಟ್ಕಳಕ್ಕೆ ಹೋಗಿದ್ದ ಮಾಲೀಕ ಸುದರ್ಶನನಿಗೆ ಫೋನು ಮಾಡಿದಳು.

"ಸಾರ್, ಆವಿ ಪೈಪಿಗೆ ಕ್ಯಾಪು ಹಾಕಿ ಮುಚ್ಚಿದ್ದಾರೆ. ಬೆಂಕಿ ಹೊರಗೆ ಎಳೀಬೇಕು."

"ಹುಚ್ಚಾ ನಿಂಗೆ? ನಾಳೆ ಬೆಳಿಗ್ಗೆ ಮರಿ ಒಯ್ಯೂಕೆ ಗಾಡಿ ಬರ್ತದೆ. ನೀರು ತಣ್ಣಗಾದ್ರೆ ಅರ್ಧಕ್ಕರ್ಧ ಸಾಯ್ತವೆ. ಮೀಟರು ಎಂತ ತೋರಿಸ್ತದೆ?"

"ದಿನಾ ತೋರಿಸ್ದಷ್ಟೇ."

"ಮತ್ತೆಂತ? ಸಂಜೆ ಕ್ಲಾಸಲ್ಲಿ ಹೆದರೂದೊಂದೇ ಕಲಿಸಿದ್ರಾ?"

ಅವರ ಮಾತೇ ಸರಿಯಿದ್ದರೆ? ಇಷ್ಟು ವರ್ಷ ಎಷ್ಟು ಸಲ ತಾನು ಸುಮ್ಮನೆ ಹೆದರಿಲ್ಲ! ಫೋನು ಕಿವಿಗಿಟ್ಟುಕೊಂಡೇ ನಿಂತಳು. ಅಷ್ಟರಲ್ಲಿ ಸುಬ್ಬಿ ರೂಢಿಯಂತೆ ಒಂದು ಬುಟ್ಟಿ ಗರಟೆ ಎತ್ತಿಕೊಂಡು ಬಾಯ್ಲರಿನ ಬಾಯಿಗೆ ಬಗ್ಗಿದಳು.

"ಸುಬ್ಬಿ, ಬೇಡ! ಹೊರಗೆ ಹೋಗು! ಸಮುದ್ರದ ನೀರಿನ ಟ್ಯಾಂಕಿನ ಹಿಂದೆ, ಎಲ್ಲಾರೂ!"

ವೆಂಕಟ್ರಮಣ ಏಣಿಗೆ ಕೈ ಹಾಕಿದ. "ಅಷ್ಟೇ ಅಲ್ವಾ, ಹತ್ತಿ ಬಿಚ್ತೆ ತಡಿ."

"ಮುಟ್ಟಬೇಡಿ! ಕ್ಯಾಪಿನ ಜತೆ ನಿಮ್ಮ ಮುಖನೂ ಹೋಗ್ತದೆ."

ಅವಳ ಗಂಟಲಿನಿಂದ ಅಂಥ ದನಿ ಅವನು ಕೇಳಿದ್ದಿಲ್ಲ. ಏಣಿ ಬಿಟ್ಟು ಓಡಿದ.

ಮಾಲತಿ ಕೊಕ್ಕೆ ಸಲಾಕೆಯಿಂದ ಕೆಂಡವನ್ನೆಲ್ಲ ಎಳೆದು ಹೊರಗಿನ ಒದ್ದೆ ಮರಳಿಗೆ ತಳ್ಳಿದಳು. ಹೊರಡುವಾಗ ಗೋಡೆಯ ಮೇಲಿನ ಸ್ಟಾರ್ಟರ್ ಕಣ್ಣಿಗೆ ಬಿತ್ತು. ಕರೆಂಟು ಬಂದ ಕೂಡಲೇ ಪಂಪು ತಾನಾಗಿ ಓಡಲೆಂದು ಹಾಕಿಸಿದ್ದೂ ತಾನೇ. ಓಡಿದರೆ ಸುರುಳಿಯಲ್ಲಿ ತಣಿದ ನೀರು ನೇರ ಈ ಕಾದ ಕಬ್ಬಿಣಕ್ಕೆ ನುಗ್ಗುತ್ತದೆ, ಬಾಯ್ಲರು ಸಿಡಿಯುತ್ತದೆ. ಪಂಪಿನ ಫ್ಯೂಸು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡು ಓಡಿದಳು.

ಟ್ಯಾಂಕಿನ ಹಿಂದೆ ಮೂವರೂ ಕೂತರು. ಮಳೆ ಶುರುವಾಯಿತು. ಏನೂ ಆಗಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ವೆಂಕಟ್ರಮಣ, "ತಂಗಿ, ಶೆಟ್ಲಿ ಮರಿ ಎಲ್ಲ ಕೊಂದೆ ನೀನು" ಎಂದ. ಸುಬ್ಬಿ ಅವನ ತೊಡೆಗೊಂದು ಬಿಟ್ಟಳು.

ಫೋನಿನಲ್ಲಿ ಕೂಗು ಕೇಳಿ ಭಟ್ಕಳದಿಂದ ಹೊರಟಿದ್ದ ಸುದರ್ಶನನ ಕಾರು ಬಂದು ನಿಂತದ್ದಕ್ಕೂ ಕರೆಂಟು ಬಂದದ್ದಕ್ಕೂ ಸರಿಹೋಯಿತು. ದೀಪಗಳು ಹತ್ತಿದವು. ಪಂಪು ಓಡಲಿಲ್ಲ. ಸುದರ್ಶನನ ಕಣ್ಣು ಮಾಲತಿಯ ಮುಷ್ಟಿಯ ಮೇಲೆ ಬಿತ್ತು.

"ಫ್ಯೂಸು ಕೊಡು."

"ಕೊಡೂದಿಲ್ಲ ಸಾರ್. ಇನ್ನೂ ಬಿಸಿ ಇದೆ."

"ನನ್ನ ಹ್ಯಾಚರಿ ಇದು!" ಅನ್ನುತ್ತ ಅವನು ಬಾಯ್ಲರ್ ಕೋಣೆಗೆ ದಾಪುಗಾಲು ಹಾಕಿದ. ಹೊಸ್ತಿಲಲ್ಲೇ ನಿಂತುಬಿಟ್ಟ.

ಬಾಯ್ಲರಿನ ಹಿಂಬದಿಯ ಚಪ್ಪಟೆ ತಗಡು ತುಂಬಿದ ಕೊಡದ ಹೊಟ್ಟೆಯಂತೆ ಹೊರಗೆ ಉಬ್ಬಿತ್ತು. ಉಬ್ಬಿನ ಸುತ್ತ ಬಣ್ಣ ಸುಲಿದು ಎದ್ದಿತ್ತು. ಬೆಸುಗೆಯ ಒಂದು ಕಡೆಯಿಂದ ಕೂದಲೆಳೆಯಷ್ಟು ಆವಿ ಹೊರಬೀಳುತ್ತಿತ್ತು. ಸುಬ್ಬಿ ಗರಟೆ ತುಂಬಲು ನಿಲ್ಲುವ ಜಾಗ ಅಲ್ಲಿಂದ ನಾಲ್ಕು ಹೆಜ್ಜೆ.

ಸುದರ್ಶನ ಒಂದೊಂದೇ ಹೆಜ್ಜೆ ಹಿಂದೆ ಸರಿದ. "ಕ್ಯಾಪು ಹಾಕಿದ್ದು ಯಾರು?" ಎಂದ, ಮೆತ್ತಗೆ.

ವೆಂಕಟ್ರಮಣ ತಲೆ ತಗ್ಗಿಸಿದ. ಮಾಲತಿ ಆಫೀಸಿಗೆ ಹೋಗಿ, ಡ್ರಾಯರಿನಿಂದ ಎಲ್ಬೋ ತಂದು ಸುದರ್ಶನನ ಕೈಗಿಟ್ಟಳು.

"ಇದನ್ನ ಹಾಕದೇ ಬಿಟ್ಟದ್ದು ನಾನು, ಸಾರ್."

ಅವನು ಅದನ್ನು ತಿರುಗಿಸಿ ನೋಡಿದ. ಆಚೆ ಟ್ಯಾಂಕುಗಳಲ್ಲಿ ಮರಿಗಳು ಈಜು ನಿಲ್ಲಿಸಿ ಒಂದೊಂದಾಗಿ ತಳ ಸೇರುತ್ತಿದ್ದವು. ಬಾಯ್ಲರಿನೊಳಗೆ ಮತ್ತೆ 'ಟಿಕ್' ಎಂದಿತು. ಫ್ಯೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಮಾಲತಿ ಬಾಗಿಲಿಗೆ ಅಡ್ಡ ನಿಂತಳು.