ಮೂರನೆಯ ಅಂಕಿಯ ಸತ್ಕಾರ

ಆ ಭಾನುವಾರ ತಿಕೋಟಾದಲ್ಲಿ ರಾಜರತ್ನ ಮಾಸ್ತರರಿಗೆ ಸತ್ಕಾರ ಇತ್ತು. ಬಸ್ ನಿಲ್ದಾಣದ ಎದುರು ಎರಡು ದಿನ ಮೊದಲೇ ಫ್ಲೆಕ್ಸ್ ಎದ್ದಿತ್ತು: 'ಜಗತ್ತಿನ ವಿಜ್ಞಾನಿಗಳ ತಪ್ಪು ಹಿಡಿದ ನಮ್ಮೂರ ಹುಲಿ'. ಕಟ್ಟಿಸಿದವನು ಅಯೂಬ, ಶಾಲೆಯಲ್ಲಿ ಮಾಸ್ತರರ ಜೊತೆ ಒಂದೇ ಬೆಂಚಿನ ಗೆಳೆಯ, ಈಗ ಒಣದ್ರಾಕ್ಷಿ ವ್ಯಾಪಾರಿ. ಫ್ಲೆಕ್ಸಿನಲ್ಲಿ ಹುಲಿಗಿಂತ ಅಯೂಬನ ಫೋಟೊನೇ ಒಂದು ಗೇಣು ದೊಡ್ಡದಿತ್ತು, ಇರಲಿ ಬಿಡಿ.

ಮಾಸ್ತರರು ಹಿಡಿದ ತಪ್ಪಾದರೂ ಏನು? ವಿಜಯಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅವರು ಐವತ್ತೈದನೇ ವಯಸ್ಸಿಗೆ ಪಿಎಚ್‌ಡಿಗೆ ಕೂತಿದ್ದರು. ಕಣಗಳು ಒಂದಕ್ಕೊಂದು ಎಷ್ಟು ಜೋರಾಗಿ ತಾಗುತ್ತವೆ ಎಂಬ ಅಳತೆಗೆ ಜೋಡಣೆ ಎನ್ನುತ್ತಾರೆ. ಅದು ಒಂದೇ ಕಡೆ ನಿಲ್ಲುವ ಅಂಕಿಯಲ್ಲ. ಹತ್ತಿರ ಹೋಗಿ ನೋಡಿದಷ್ಟೂ ಬದಲಾಗುತ್ತದೆ. ಎಷ್ಟು ಬದಲಾಗುತ್ತದೆ ಎಂದು ಲೆಕ್ಕಕ್ಕೆ ಕೂತಿರೋ, ಉತ್ತರ ಅನಂತವಾಗಿ ಉಬ್ಬಿ ಕೂರುತ್ತದೆ! ಆ ಅನಂತವನ್ನು ಕಳೆಯಬೇಕು. ಕಳೆಯುವಾಗ ಅದರ ಜೊತೆ ಇನ್ನೊಂದಿಷ್ಟನ್ನೂ ಕಳೆಯುವುದೋ ಬಿಡುವುದೋ ಎಂಬುದು ಲೆಕ್ಕ ಮಾಡುವವರ ಇಷ್ಟ, ಅದಕ್ಕೇ ಪದ್ಧತಿ ಎನ್ನುವುದು. ಮಾಸ್ತರರು ಎರಡು ವರ್ಷ ಪೆನ್ಸಿಲ್ ಸವೆಸಿ ಈ ಬದಲಾವಣೆಯ ಮೊದಲ ಮೂರು ಅಂಕಿ ತೆಗೆದರು. ಎರಡು ಅಂಕಿ ಹೊರದೇಶದವರ ಪ್ರಬಂಧಕ್ಕೆ ಸರಿಯಾಗಿ ಕೂತವು. ಮೂರನೆಯದು ಕೂಡಲಿಲ್ಲ. ನಾಲ್ಕು ಸಲ ತಿರುಗಿ ಮಾಡಿದರು, ಮತ್ತೆ ಅದೇ ಬಂತು. ತಪ್ಪು ಆ ಹೊರದೇಶದವರದೇ ಎಂದುಬಿಟ್ಟರು. ಅಯೂಬನ ಎದುರು ಎಂದದ್ದೇ ಎಡವಟ್ಟಾಯಿತು.

ಭಾನುವಾರ ತಿಕೋಟಾ ಬಸ್ಸಿನಲ್ಲಿ ಮಾಸ್ತರರ ಪಕ್ಕ ಸಮ್ರೀನ ಕೂತಿದ್ದಳು. ಅವರದೇ ಶಿಷ್ಯೆ, ಈಗ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಫೋನಿನಲ್ಲಿ ಆ ಪ್ರಬಂಧ ಓದುತ್ತಿದ್ದವಳು ತಲೆ ಎತ್ತಿದಳು.

"ಸರ, ನೀವು ಯಾವ ಪದ್ಧತಿಲೆ ಕಳದೀರಿ?"

"ಸಂವೇಗದ್ದು. ಒಂದು ಸಂವೇಗ ಹಿಡದು, ಅಲ್ಲಿ ತಿದ್ದುಪಡಿ ಎಲ್ಲಾ ಸೊನ್ನೆ ಮಾಡೂದು. ಅವರೂ ಹಂಗ ಮಾಡ್ಯಾರಲ್ಲ?"

"ಇಲ್ರಿ ಸರ. ಈ ಅಡಿಟಿಪ್ಪಣಿ ನೋಡ್ರಿ. ಅವರು ಬರೇ ಅನಂತದ ಭಾಗ ಅಷ್ಟ ತಗದಾರ."

ಮಾಸ್ತರರು ಫೋನು ಕಸಿದುಕೊಂಡು ಓದಿದರು. ಪದ್ಧತಿ ಬದಲಾದರೆ ಮೊದಲೆರಡು ಅಂಕಿ ಅಲುಗುವುದಿಲ್ಲ, ಮೂರನೆಯದು ಬದಲಾಗುತ್ತದೆ. ಇದನ್ನು ಸಮ್ರೀನಳಿಗೆ ಕಲಿಸಿದವರೇ ಅವರು! ಹುರುಪಿನ ಭರದಲ್ಲಿ ಒಂದು ಸಾಲು ಓದಿರಲಿಲ್ಲ.

"ನಿಮ್ಮ ಜೋಡಣಿನ ಅವರ ಪದ್ಧತಿಗೆ ತಿರುಗಿಸಿ ನೋಡೂಣ್ರಿ" ಎಂದು ಸಮ್ರೀನ ಸತ್ಕಾರದ ಆಮಂತ್ರಣ ಪತ್ರಿಕೆಯನ್ನೇ ಮಗುಚಿ ಪೆನ್ನು ಕೊಟ್ಟಳು. ಬಸ್ಸಿನ ಕುಲುಕಾಟದಲ್ಲಿ ಅಂಕಿಗಳು ಸೊಟ್ಟಗಾದವು, ಆದರೆ ಲೆಕ್ಕ ನೆಟ್ಟಗೇ ನಡೆಯಿತು. ಐದನೇ ಸಾಲಿಗೆ ಪ್ರಬಂಧದ ಅಂಕಿ ಬಂತು, ಕೊನೆಯ ದಶಾಂಶದವರೆಗೆ.

"ಎಷ್ಟ್ ಚಂದ ಕೂತದ ನೋಡ್ರಿ ಸರ!" ಎಂದು ಅವಳು ಹಿಗ್ಗಿದಳು. ಮಾಸ್ತರರಿಗೆ ಮಾತ್ರ ಕಿಟಕಿಯಾಚೆ ದ್ರಾಕ್ಷಿ ತೋಟಗಳು ಮುಗಿಯುತ್ತ ಬಂದು, ಫ್ಲೆಕ್ಸ್ ಕಾಣತೊಡಗಿತು.

ಸತ್ಕಾರ ಅಯೂಬನ ಒಣದ್ರಾಕ್ಷಿ ಶೆಡ್ಡಿನಲ್ಲೇ ಇತ್ತು. ಮಾಸ್ತರರು ಅವನನ್ನು ಮೂಲೆಗೆ ಕರೆದು ಎಲ್ಲ ಹೇಳಿದರು.

"ಯಾರಿಗ್ ತಿಳಿತದಲೇ ರಾಜಾ?" ಎಂದ ಅಯೂಬ. "ಶಾಲು ಹೊದ್ಕೊಂಡು, ಎರಡು ಮಾತು ಆಡಿ ಇಳಿ. ಮುನ್ನೂರು ಮಂದಿ ಕೂತಾರ, ನನ್ನ ಮರ್ಯಾದಿ ಕಳೀಬ್ಯಾಡ."

ಮಾಸ್ತರರಿಗೆ ಆಸೆ ಆಗಲಿಲ್ಲ ಎಂದರೆ ಸುಳ್ಳು. ಇಷ್ಟು ವರ್ಷ ಪಾಠ ಹೇಳಿದರೂ ಯಾರೂ ಅವರನ್ನು ವೇದಿಕೆಗೆ ಕರೆದಿರಲಿಲ್ಲ. ಆದರೂ ವೇದಿಕೆಯ ಮೇಲೆ ಅಯೂಬ ಶಾಲು ಬಿಚ್ಚಿ ಹತ್ತಿರ ಬಂದಾಗ ಮಾಸ್ತರರು ಕೈ ಅಡ್ಡ ಹಿಡಿದು ಮೈಕ್ ಎಳೆದುಕೊಂಡರು.

"ಈ ಶಾಲು ನನಗ ಬ್ಯಾಡ್ರಿ. ನಾ ಯಾರ ತಪ್ಪೂ ಹಿಡದಿಲ್ಲ, ಅವರ ಲೆಕ್ಕ ಖರೇ ಅದ. ಒಂದು ಸಾಲು ಓದದ ನಾನ ಅವರದು ತಪ್ಪು ಅಂದೆ. ಅದನ್ನ ತೋರಿಸಿದಾಕಿ ಈ ಸಮ್ರೀನ."

ಹಿಂದೆ ಯಾರೋ ಕಿಸಕ್ಕೆಂದರು. ಅಯೂಬ ಶಾಲು ಹಿಡಿದುಕೊಂಡೇ ನೆಲ ನೋಡುತ್ತ ನಿಂತ. ಮುಂದಿನ ಸಾಲಿನಿಂದ ಅವನ ತಾಯಿ ಪೀರಾಂಬಿ ಎದ್ದು ನಿಂತಳು.

"ಹಂಗಾರ ನಿನ್ನ ಲೆಕ್ಕ ಸುಳ್ಳೇನೋ ಯಪ್ಪಾ?"

"ಇಲ್ಲಮ್ಮಾ, ನಂದೂ ಖರೇನ. ಅವರು ಒಂದು ನಮೂನಿ ಕಳದಾರ, ನಾ ಇನ್ನೊಂದು ನಮೂನಿ ಕಳದೀನಿ. ತಿರುಗಿಸಿ ನೋಡಿದ್ರ ಎರಡೂ ಒಂದ."

"ಅವರು ಎಷ್ಟು ಮಂದಿ?"

"ಆರು ಮಂದಿ. ದೊಡ್ಡ ದೊಡ್ಡ ಕಂಪ್ಯೂಟರ್ ಇಟ್ಕೊಂಡಾರ."

"ನೀ?"

"ನಾ ಒಬ್ಬನ, ಅಮ್ಮಾ. ಪೆನ್ಸಿಲ್‌ಲೆ."

ಪೀರಾಂಬಿ ಸೆರಗು ಸರಿಮಾಡಿಕೊಂಡು ಮಗನ ಕಡೆ ತಿರುಗಿದಳು.

"ಏನ್ ನೋಡಾಕತ್ತಿಯೋ ಅಯೂಬ? ಹೊದಸು!"